ಬಚ್ಚಲಮನೆಯ ಸ್ವಿಚ್ಚು

"ಬಲಗಾಲಿಗೆ ಹೋಗ್ತಾನೇ ಇಲ್ವಲ್ಲ," ಎನ್ನುತ್ತ ಚಿಕ್ಕಪ್ಪ ಶೂವನ್ನು ಇನ್ನೊಮ್ಮೆ ಒತ್ತಿದರು. ಮಂಚದ ಬುಡದಲ್ಲಿ ಮೊಣಕಾಲೂರಿ ಕೂತು ಹತ್ತು ನಿಮಿಷವಾಗಿತ್ತು. ಹಣೆಯ ಮೇಲೆ ಬೆವರು ಬಂದಿತ್ತು.

"ಅವನ ಕಾಲು ಅವನ ಮಾತು ಕೇಳೋದನ್ನೇ ಬಿಟ್ಟು ಎರಡು ವರ್ಷ ಆಯ್ತು. ಇನ್ನು ನಿಮ್ಮ ಮಾತು ಕೇಳುತ್ತಾ?" ಎಂದ ಆಪರೇಟರ್. ಅವನು ಮೂವತ್ತು ವರ್ಷ ಥಿಯೇಟರಿನ ಮೇಲಿನ ಕೋಣೆಯಲ್ಲಿ ಕೂತು ಪಿಕ್ಚರ್ ಓಡಿಸಿದವನು. ಮಂಚದ ಮೇಲೆ ಹೆಣವಾಗಿ ಮಲಗಿದ್ದವನು ಅಷ್ಟೇ ವರ್ಷ ಕೆಳಗಿನ ಹಾಲ್‌ನಲ್ಲಿ ಟಾರ್ಚು ಹಿಡಿದು ಜನರನ್ನು ಸೀಟಿಗೆ ಕೂರಿಸಿದವನು. ಊರಿಗೆಲ್ಲ ಟಾರ್ಚಣ್ಣ. ತಮಾಷೆ ಮಾಡಿ ಮುಗಿಸುವಷ್ಟರಲ್ಲಿ ಆಪರೇಟರ್ ಕಿಟಕಿಯ ಕಡೆ ತಿರುಗಿಕೊಂಡ.

"ಶೂ ಬೇಡ, ಬಿಡಿ," ಎಂದಳು ಅಮ್ಮ, ಕುರ್ಚಿಯಿಂದ ಏಳದೆ. "ಟಾರ್ಚು ಕೈಗೆ ಕೊಟ್ಟು ಕಳಿಸೋಣ. ಪುಟ್ಟೀ, ಫ್ರಿಜ್ಜಿನ ಮೇಲಿದೆ, ತಗೊಂಡು ಬಾ."

ಪುಟ್ಟಿ ಎಂದರೆ ಅವನ ಇಪ್ಪತ್ತಾರು ವರ್ಷದ ಮಗಳು, ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವವಳು. ಅವಳು ಎದ್ದು ಒಳಗೆ ಹೋದಳು. ಮುಂದಿನ ಕೋಣೆಗೂ ಅಡುಗೆಮನೆಗೂ ನಡುವೆ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಪ್ಯಾಸೇಜು. ಅದರ ನಡುವೆ ಬಚ್ಚಲಮನೆ. ಅದಕ್ಕೆ ಕಿಟಕಿಯಿಲ್ಲ, ಹಗಲಲ್ಲೂ ದೀಪ ಬೇಕು. ದೀಪದ ಸ್ವಿಚ್ಚು ಬಾಗಿಲ ಪಕ್ಕದಲ್ಲಿ, ಹೊರಗಿನ ಗೋಡೆಯ ಮೇಲೆ. ಮುಚ್ಚಿದ ಬಾಗಿಲ ಕೆಳಗೆ ಬೆಳಕಿನ ಗೆರೆ ಕಾಣುತ್ತಿತ್ತು. ನಿನ್ನೆ ಬೆಳಗ್ಗೆಯಿಂದ ಆ ದೀಪ ಉರಿಯುತ್ತಲೇ ಇದೆ. "ಅದನ್ನ ಯಾರೂ ಆರಿಸ್ಬೇಡಿ, ಇರಲಿ," ಎಂದು ಅಮ್ಮ ಬಂದವರಿಗೆಲ್ಲ ಹೇಳಿದ್ದಳು.

ಮಗಳು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸ್ವಿಚ್ಚಿನ ಕಡೆ ನೋಡದೆ ದಾಟಿದಳು. ನಿನ್ನೆಯಿಂದ ಅವಳು ಅಲ್ಲಿ ಹಾಗೆಯೇ ನಡೆಯುತ್ತಿದ್ದಳು. ಅಪ್ಪ ಬಿದ್ದ ಸದ್ದಿಗೆ ಮೊದಲು ಓಡಿಬಂದವಳು ಅವಳು. ಆಗ ಈ ದೀಪ ಆರಿತ್ತು. ಅವಳು ಸ್ವಿಚ್ಚು ಹಾಕಿ, ಬೆಳಕು ಬಂದ ಮೇಲೆ ಬಾಗಿಲು ತಳ್ಳಿದ್ದಳು. ಅಮ್ಮ ಬರುವ ಹೊತ್ತಿಗೆ ಎಲ್ಲ ಬೆಳಕೇ ಬೆಳಕು. ದೀಪ ಆರಿತ್ತೆಂಬುದು ಈ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತು. ಆರಿಸಿದ್ದು ಯಾರೆಂಬುದು ಅವಳಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲವೆಂದು ನಿನ್ನೆಯಿಂದ ಹೇಳಿಕೊಳ್ಳುತ್ತಿದ್ದಳು.

*

ಅವಳಿಗೆ ಏಳು ವರ್ಷವಿದ್ದಾಗ ಅಪ್ಪ ಒಂದು ಮಧ್ಯಾಹ್ನ, ಆಟ ಶುರುವಾಗುವ ಮುಂಚೆ, ಖಾಲಿ ಹಾಲ್‌ಗೆ ಕರೆದುಕೊಂಡು ಹೋಗಿ ಆಪರೇಟರನಿಗೆ ಕೂಗಿ ದೀಪಗಳನ್ನೆಲ್ಲ ಆರಿಸಲು ಹೇಳಿದ್ದ. ಅವಳು ಕಿರುಚಿಕೊಂಡಳು.

"ಶ್, ಯಾಕೆ ಅಳ್ತೀಯ? ಕತ್ತಲೆ ಕಣ್ಣಿಗೆ ತಾನೆ? ಕಾಲಿಗಲ್ವಲ್ಲ. ಕಾಲಿಗೆ ಎಲ್ಲಾ ಗೊತ್ತಿರುತ್ತೆ. ನಡಿ."

ಇಪ್ಪತ್ತೆರಡು ಸಾಲು, ಸಾಲಿಗೊಂದು ಮೆಟ್ಟಿಲು, ಹದಿಮೂರನೆಯದರ ಅಂಚು ಮುರಿದಿದೆ. ಅಪ್ಪ ಟಾರ್ಚನ್ನು ಜೇಬಿನಲ್ಲಿಟ್ಟುಕೊಂಡು, ಅವಳ ಕೈ ಹಿಡಿದು, ಮದುವೆಮನೆಯಲ್ಲಿ ಓಡಾಡುವವನ ಹಾಗೆ ಸರಾಗವಾಗಿ ಇಳಿದ. ಟಾರ್ಚು ಜನಕ್ಕೆ, ನನಗಲ್ಲ ಎಂದು ಅವನಿಗೊಂದು ಜಂಬವಿತ್ತು. ಟಿಕೆಟ್ಟುಗಳನ್ನು ಕತ್ತಲೆಯಲ್ಲೇ ಹರಿಯುತ್ತಿದ್ದ. ಒಂದಿದೆಯೋ ಎರಡು ಅಂಟಿಕೊಂಡಿವೆಯೋ ಅವನ ಬೆರಳಿಗೇ ತಿಳಿಯುತ್ತಿತ್ತು.

ಅಂಥವನಿಗೆ ಮನೆಯಲ್ಲಿ ದೀಪ ಸುಮ್ಮನೆ ಉರಿದರೆ ಮೈ ಉರಿಯುತ್ತಿತ್ತು. ಯಾರಾದರೂ ಆರಿಸದೆ ಬಂದರೆ, "ಏನಮ್ಮಾ, ಖಾಲಿ ಹಾಲ್‌ಗೆ ಪಿಕ್ಚರ್ ಓಡಿಸ್ತಾ ಇದ್ದೀಯ?" ಎಂದು ಕೇಳುತ್ತಿದ್ದ. ಮಗಳಿಗೂ, ಆಗ ಜತೆಗೇ ಇದ್ದ ತನ್ನ ತಮ್ಮನಿಗೂ ಕಲಿಸಿದ್ದು ಅದನ್ನೇ. ಪ್ಯಾಸೇಜು ದಾಟುವಾಗ ಕೈ ತಾನಾಗಿ ಗೋಡೆಯ ಮೇಲೆ ಹರಿಯಬೇಕು, ಸ್ವಿಚ್ಚು ಸಿಕ್ಕರೆ ತಾನಾಗಿ ಆರಿಸಬೇಕು. ಯೋಚನೆ ಮಾಡಿ ಆರಿಸುವವಳು ಒಂದು ದಿನ ಮರೆಯುತ್ತಾಳೆ, ಕೈಗೆ ಅಭ್ಯಾಸವಾದರೆ ಮರೆಯುವುದಿಲ್ಲ ಎನ್ನುತ್ತಿದ್ದ. ಅವಳ ಕೈ ಬೇಗ ಕಲಿಯಿತು. ಎಷ್ಟೋ ಸಲ ಒಳಗೆ ಮೀಯುತ್ತಿದ್ದ ಅಮ್ಮ, "ಯಾರೇ ಅದು!" ಎಂದು ಕೂಗಿಕೊಂಡಿದ್ದಾಳೆ. ಮನೆಯಲ್ಲಿ ಅದೊಂದು ನಗುವ ಮಾತಾಗಿತ್ತು.

*

ಹತ್ತು ಗಂಟೆಗೆ ಥಿಯೇಟರಿನ ಮ್ಯಾನೇಜರು ದೊಡ್ಡದೊಂದು ಹೂವಿನ ಚಕ್ರ ಹಿಡಿದು ಬಂದರು. ಬಾಗಿಲಲ್ಲಿ ಅದು ಅಡ್ಡವಾಯಿತು, ಉದ್ದವಾಯಿತು, ಕೊನೆಗೆ ಓರೆಯಾಗಿ ಒಳಗೆ ಬಂತು.

"ಎಂಥಾ ಮನುಷ್ಯ," ಎಂದರು ಮ್ಯಾನೇಜರು. "ಒಂದು ದಿನ ರಜೆ ಅಂತ ಕೇಳಿದವನಲ್ಲ."

"ನೀವೇ ಕೊಟ್ರಲ್ಲ ಸಾರ್, ಒಟ್ಟಿಗೆ," ಎಂದ ಆಪರೇಟರ್.

ಮ್ಯಾನೇಜರು ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು. ಅಮ್ಮ ಅವರಿಗೆ ಕೂರಲು ಹೇಳಲಿಲ್ಲ. ಎದ್ದು ಹೋಗಿ ಗಂಡನ ಅಂಗಿಯ ಜೇಬಿನಲ್ಲಿದ್ದ ಪ್ಲಾಸ್ಟಿಕ್ ಹೊದಿಸಿದ ಕಾಗದವನ್ನು ಸ್ವಲ್ಪ ಮೇಲಕ್ಕೆಳೆದು, ಎಲ್ಲರಿಗೂ ಕಾಣುವಂತೆ ಇಟ್ಟಳು. ಅದರ ಮೇಲಿದ್ದದ್ದು ಆಸ್ಪತ್ರೆಯ ಮೊಹರು ಮತ್ತು ಮೂರು ಸಾಲು. ಕೊನೆಯ ಸಾಲು: ಇವರ ನಡಿಗೆಯ ತೊಂದರೆಗೆ ಮದ್ಯಪಾನ ಕಾರಣವಲ್ಲ.

ಚಿಕ್ಕಪ್ಪ ಅದನ್ನು ಓದಿ ತಲೆ ತಗ್ಗಿಸಿದರು. ಒಂದೂವರೆ ವರ್ಷ ಅಣ್ಣನ ಜತೆ ಮಾತು ಬಿಟ್ಟಿದ್ದವರು ಅವರು. ಮೊನ್ನೆ ಸಂಜೆಯಷ್ಟೇ ಒಂದು ಚೀಲ ಹಣ್ಣು ಹಿಡಿದುಕೊಂಡು ಬಂದು ಇಲ್ಲೇ ಉಳಿದಿದ್ದರು.

*

ಮೊದಲು ಬಿದ್ದದ್ದು ಹದಿಮೂರನೆಯ ಮೆಟ್ಟಿಲಲ್ಲಿ. ಮೊದಲೇ ಮುರಿದ ಮೆಟ್ಟಿಲು ತಾನೇ ಎಂದು ಅಪ್ಪ ಅಂಚನ್ನು ಬೈದುಕೊಂಡ. ಮುಂದಿನ ವಾರ ಹತ್ತೊಂಬತ್ತರಲ್ಲಿ ಬಿದ್ದ. ಅಲ್ಲಿ ಮುರಿದದ್ದು ಏನೂ ಇರಲಿಲ್ಲ. ಆಮೇಲೆ ಹಾಲ್‌ನಲ್ಲಿ ಟಾರ್ಚನ್ನು ಜನರ ಕಾಲಿಗೆ ಬಿಡುವ ಬದಲು ತನ್ನ ಕಾಲಿಗೇ ಬಿಟ್ಟುಕೊಂಡು ನಡೆಯತೊಡಗಿದ. ಜನ ಹಿಂದೆ ಕತ್ತಲೆಯಲ್ಲಿ ಮುಗ್ಗರಿಸಿ ಬೈಯುತ್ತಿದ್ದರು.

ಹಗಲಲ್ಲಿ ನೋಡಿದರೆ ಗಟ್ಟಿಮುಟ್ಟು. ಅಕ್ಕಿಮೂಟೆ ಎತ್ತುತ್ತಿದ್ದ. ಆದರೆ ಒಂದು ಕಾಲಿನ ಚಪ್ಪಲಿ ಅರ್ಧ ದಾರಿಯಲ್ಲಿ ಕಳಚಿ ಬಿದ್ದರೂ ಗೊತ್ತಾಗದೆ ಮನೆಗೆ ಬರುತ್ತಿದ್ದ. ಹತ್ತಿಯ ಮೇಲೆ ನಡೆದ ಹಾಗಿದೆ ಕಣೇ ಎಂದು ಅಮ್ಮನಿಗೆ ಹೇಳಿದ. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಎರಡು ಟಿಕೆಟ್ಟನ್ನು ಒಂದೆಂದು ಹರಿದು ಜಗಳವಾಯಿತು. ಒಂದು ಬೆಳಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದವನು, ಕಡಿದ ಮರದ ಹಾಗೆ ಹಿಂದಕ್ಕೆ ಬಿದ್ದ. ಅಂಗಿ ತಲೆಯ ಮೇಲಿಂದ ತೆಗೆಯುವಾಗ ಇನ್ನೊಂದು ಸಲ. ಮುಖ ತೊಳೆದರೆ ಬೀಳುವ ಕಾಯಿಲೆ ಯಾವುದಾದರೂ ಉಂಟೇ? ಬೀದಿಯ ಡಾಕ್ಟರು ಬಿಸಿಲಿನ ತಲೆಸುತ್ತು ಎಂದು ಗುಳಿಗೆ ಕೊಟ್ಟರು.

ಬೀದಿಯವರು ಅಷ್ಟು ದೂರ ಯೋಚಿಸಲಿಲ್ಲ. ಕೈ ನಡುಗುತ್ತದೆ, ಕತ್ತಲಾದರೆ ಓಲಾಡುತ್ತಾನೆ, ಒಂಟಿ ಚಪ್ಪಲಿಯಲ್ಲಿ ಮನೆಗೆ ಬರುತ್ತಾನೆ. ಇದಕ್ಕೆ ಡಾಕ್ಟರು ಬೇರೆ ಬೇಕೇ? ಒಂದು ಮ್ಯಾಟಿನಿಯಲ್ಲಿ ಅಪ್ಪ ಬಾಲ್ಕನಿಯ ಮೆಟ್ಟಿಲಿಂದ ಒಬ್ಬ ಹೆಂಗಸಿನ ಮಡಿಲಿಗೇ ಬಿದ್ದ. ಮ್ಯಾನೇಜರು ಅವನನ್ನು ಟಿಕೆಟ್ ಕೌಂಟರಿನ ಮುಂದೆ, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ, "ಬಾಯಿ ತೆಗಿ" ಎಂದರು. ಅಪ್ಪ ತೆಗೆದ. ಅವರು ಮೂಗು ಹತ್ತಿರ ತಂದು ಮೂಸಿದರು. ವಾಸನೆ ಬರಲಿಲ್ಲ. ವಾಸನೆ ಬಾರದ್ದನ್ನು ಕುಡಿದಿದ್ದಾನೆ ಎಂದು ತೀರ್ಮಾನವಾಯಿತು, ಕೆಲಸ ಹೋಯಿತು.

ಅದಾದ ತಿಂಗಳಿಗೆ ಚಿಕ್ಕಪ್ಪನ ಮಗನ ಮದುವೆ. ಊಟದ ಹಾಲ್‌ನಲ್ಲಿ ಕರೆಂಟು ಹೋಯಿತು, ಅಪ್ಪ ಬಡಿಸುತ್ತಿದ್ದ ಮೇಜಿನ ಮೇಲೇ ಉರುಳಿದ. ದೀಪ ಬಂದಾಗ ಹುಡುಗಿಯ ಕಡೆಯವರೆಲ್ಲ ನೋಡುತ್ತಿದ್ದರು. ಚಿಕ್ಕಪ್ಪ ಅಣ್ಣನ ಕಾಲರು ಹಿಡಿದು ಹೊರಗೆ ಕರೆತಂದು, "ಇವತ್ತೊಂದು ದಿನವಾದ್ರೂ ಕುಡೀದೆ ಇರೋಕಾಗ್ಲಿಲ್ವಾ ನಿನಗೆ?" ಎಂದರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ ಅವತ್ತು ಸಾರು ಮೆತ್ತಿದ ಅಂಗಿಯಲ್ಲೇ ಮನೆಗೆ ಹೊರಟ. ಮಗಳಿಗೂ ಆ ಕ್ಷಣ ಅನುಮಾನ ಬಂದಿತ್ತು. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತದೆ.

*

ಶವದ ಗಾಡಿ ಬರಲು ಇನ್ನೂ ಅರ್ಧ ಗಂಟೆಯಿರುವಾಗ ವ್ಯಾಯಾಮದ ಮೇಡಮ್ ಬಂದರು. ಆಸ್ಪತ್ರೆಯಿಂದ ವಾರಕ್ಕೆರಡು ಸಲ ಬಂದು ಅಪ್ಪನಿಗೆ ನಡೆಯಲು ಕಲಿಸಿದವರು, ಸಣ್ಣಗಿನ, ಮಾತು ಕಡಿಮೆಯ ಹೆಂಗಸು. ಮಂಚದ ಹತ್ತಿರ ನಿಂತು ಪಾದಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗಳನ್ನು ಪ್ಯಾಸೇಜಿಗೆ ಕರೆದರು.

"ಹೇಗಾಯ್ತು?"

"ಮುಖ ತೊಳೀತಾ ಇದ್ರು. ಬಿದ್ರು. ಕಟ್ಟೆಯ ಅಂಚು ತಲೆಗೆ ತಾಗಿತು."

"ಸೋಪು ಎರಡೂ ಕಣ್ಣಿಗೆ ಹಚ್ಕೊಂಡಿದ್ರಾ?"

"ಇಲ್ಲ. ನೀವು ಹೇಳಿದ ಹಾಗೇ. ಎಡಗಡೆ ಅರ್ಧ ಮುಖಕ್ಕೆ ಮಾತ್ರ ನೊರೆ ಇತ್ತು. ಬಲಗಣ್ಣು ತೆರೆದೇ ಇತ್ತು." ಎಂದಳು ಮಗಳು. ಆ ಕಣ್ಣು ಅವಳು ಬಾಗಿಲು ತಳ್ಳಿದಾಗಲೂ ತೆರೆದೇ ಇತ್ತು.

ಮೇಡಮ್ ಬಚ್ಚಲಮನೆಯ ಬಾಗಿಲು ತೆರೆದು ಒಳಗೆ ನೋಡಿದರು. ಗೋಡೆಗೆ ಹಾಕಿಸಿದ ಉಕ್ಕಿನ ಹಿಡಿ, ಸ್ಟೂಲು, ಒರಟು ಚಾಪೆ, ಎಲ್ಲ ಅವರೇ ಹೇಳಿ ಮಾಡಿಸಿದ್ದು. ಆಮೇಲೆ ಹೊರಗಿನ ಸ್ವಿಚ್ಚನ್ನು ನೋಡಿದರು.

"ಇಲ್ಲಿ ಯಾರೂ ಆರಿಸದ ಹಾಗೆ ಟೇಪು ಅಂಟಿಸಿತ್ತಲ್ಲ?"

"ಹೋದ ವಾರ ಅಪ್ಪಾನೇ ಕಿತ್ತುಹಾಕಿದ್ರು. ನಾನೇನು ಮಗುವಾ, ಬಂದವರು ನೋಡಿ ನಗ್ತಾರೆ ಅಂತ."

"ಲೈಟು ಇತ್ತು ತಾನೆ?"

ಬೆಳಗ್ಗೆಯಿಂದ ಐವತ್ತು ಜನ ಬಂದಿದ್ದರು, ಐವತ್ತು ಪ್ರಶ್ನೆ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಇತ್ತು," ಎಂದಳು ಮಗಳು.

"ಹಾಗಾದ್ರೆ ಬೀಳಬಾರದಿತ್ತು," ಎಂದರು ಮೇಡಮ್ ತಮ್ಮಷ್ಟಕ್ಕೆ. "ಬೆಳಕಿದ್ದೂ ಬಿದ್ರು ಅಂದ್ರೆ ಔಷಧಿ ಹಿಡಿದಿರಲಿಲ್ಲ ಅಂತ ಅರ್ಥ. ಇವತ್ತೇ ಡಾಕ್ಟರಿಗೆ ಹೇಳ್ತೀನಿ. ಇದೇ ಔಷಧಿ ತಗೊಳ್ತಿರೋರು ಇನ್ನೊಬ್ರು ಇದ್ದಾರೆ, ಅವರದ್ದನ್ನ ಬದಲಾಯಿಸಬೇಕಾಗುತ್ತೆ."

ಮಗಳು ಬಾಯಿ ತೆರೆದಳು. ಅಷ್ಟರಲ್ಲಿ ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು, ಅಮ್ಮ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತಳು.

*

ದೊಡ್ಡಾಸ್ಪತ್ರೆಯ ನರದ ಡಾಕ್ಟರು ಮಾಡಿದ್ದು ಎಲ್ಲ ಮಕ್ಕಳಾಟದ ಹಾಗಿತ್ತು. ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಬಡಿದರು, ಕಾಲು ಅಲುಗಲಿಲ್ಲ. ಉಕ್ಕಿನ ಕವಲೊಂದನ್ನು ಮೀಟಿ ಕಾಲಿನ ಗಂಟಿಗೆ ಹಿಡಿದು "ಗುಂಯ್ ಅಂತಿದೆಯಾ?" ಎಂದರು. "ಏನೂ ಇಲ್ಲ ಸಾರ್," ಎಂದ ಅಪ್ಪ. ಕೊನೆಗೆ, ಕಾಲು ಜೋಡಿಸಿ ನಿಂತು ಕಣ್ಣು ಮುಚ್ಚಿ ಎಂದರು. ಅಪ್ಪ ಮುಚ್ಚಿದ, ಎರಡು ಸಲ ಓಲಾಡಿ ನೇರ ಡಾಕ್ಟರ ತೋಳಿಗೆ ಬಿದ್ದ.

"ಇವರನ್ನ ಕುಡುಕರು ಅಂದವರು ಯಾರು?" ಎಂದು ಡಾಕ್ಟರು ಕೇಳಿದರು.

"ಎಲ್ಲರೂ," ಎಂದಳು ಅಮ್ಮ.

ಡಾಕ್ಟರು ಗೋಡೆಯ ವೈರನ್ನು ತೋರಿಸಿದರು. "ಇದರ ಮೇಲೆ ಪ್ಲಾಸ್ಟಿಕ್ ಇದೆಯಲ್ಲ, ನರದ ಮೇಲೂ ಹಾಗೊಂದು ಹೊದಿಕೆ ಇರುತ್ತೆ. ಇವರಿಗೆ ಆ ಹೊದಿಕೆಗೆ ಉರಿಯೂತ ಬಂದಿದೆ. ಮೈಯ ಕಾವಲುಗಾರನೇ ಮನೆಯವರನ್ನ ಕಳ್ಳರು ಅಂತ ಹೊಡೀತಾ ಇದ್ದಾನೆ. ಸಾಮಾನ್ಯವಾಗಿ ಈ ಕಾಯಿಲೇಲಿ ಕಾಲಿನ ಶಕ್ತಿ ಹೋಗುತ್ತೆ, ಅದಾದ್ರೆ ಯಾರಿಗಾದ್ರೂ ತಿಳಿಯುತ್ತೆ. ಇವರಿಗೆ ಶಕ್ತಿ ಇದೆ, ಸುದ್ದಿ ಇಲ್ಲ. ಕಾಲು ಎಲ್ಲಿದೆ ಅನ್ನೋ ಸುದ್ದಿ ತಲೆಗೆ ಮುಟ್ಟೋದಿಲ್ಲ. ಕಣ್ಣು ನೋಡಿ ಹೇಳಿದ್ರೆ ಮಾತ್ರ ಗೊತ್ತಾಗುತ್ತೆ. ಇನ್ಮೇಲೆ ಇವರಿಗೆ ಕಣ್ಣೇ ಕಾಲು. ಬೆಳಕು ಆರಿಸಿದ್ರೆ ಕಾಲು ಕತ್ತರಿಸಿದ ಹಾಗೇ ಅಂತ ತಿಳ್ಕೊಳ್ಳಿ."

"ಹಂಗಾದ್ರೆ ನನಗೇ ಒಬ್ಬ ಟಾರ್ಚಿನವನು ಬೇಕು ಅನ್ನಿ," ಎಂದು ಅಪ್ಪ ನಕ್ಕ. ನಗುತ್ತಲೇ ಕಣ್ಣಲ್ಲಿ ನೀರು ತಂದುಕೊಂಡ. "ಸಾರ್, ಕುಡುಕ ಅಲ್ಲ ಅಂತ ಒಂದು ಕಾಗದದಲ್ಲಿ ಬರ್ಕೊಡ್ತೀರಾ?"

ಆ ಕಾಗದ ಹಿಡಿದು ಥಿಯೇಟರಿಗೂ ಹೋದ. ಬೇರೆಯವನನ್ನು ತೆಗೆದುಕೊಂಡಾಗಿದೆ ಎಂದು ಮ್ಯಾನೇಜರು ಹೇಳಿದರು. ಆದರೆ ಗುಳಿಗೆ, ಡ್ರಿಪ್ಪು, ವ್ಯಾಯಾಮ ಸೇರಿ ಆರು ತಿಂಗಳಲ್ಲಿ ಅಪ್ಪ ಗೋಡೆ ಹಿಡಿಯದೆ ನಡೆಯತೊಡಗಿದ. ಲೋಟ ನಡುಗುವುದು ನಿಂತಿತು. ಕಾಲಿನ ಹೆಬ್ಬೆರಳಲ್ಲಿ ಇರುವೆ ಹರಿದ ಹಾಗಾಯಿತೆಂದು ಒಂದು ದಿನ ಬೀದಿಗೆಲ್ಲ ಕೇಳುವಂತೆ ಕೂಗಿದ. ಗುಣವಾಗುತ್ತಿದ್ದ ಮನುಷ್ಯ. ಅವನು ಸತ್ತ ಮೇಲೆ ಮಗಳಿಗೆ ಸಹಿಸಲಾಗದೆ ಇದ್ದದ್ದು ಅದೇ.

*

ವಿದ್ಯುತ್ ಚಿತಾಗಾರದಲ್ಲಿ ಅವರಿಗಿಂತ ಮುಂದೆ ಇನ್ನೊಂದು ಮನೆಯವರಿದ್ದರು. ಹೊರಗಿನ ಸಿಮೆಂಟು ಬೆಂಚಿನ ಮೇಲೆ ಮಗಳು ಚಿಕ್ಕಪ್ಪನ ಪಕ್ಕ ಕೂತಳು. ನಿನ್ನೆ ಬೆಳಗ್ಗೆಯನ್ನು ಅವಳು ನೂರನೆಯ ಸಲ ಮೊದಲಿಂದ ಓಡಿಸಿಕೊಳ್ಳುತ್ತಿದ್ದಳು.

ಅಪ್ಪ ಎದ್ದ. ಟಾರ್ಚನ್ನು ಫ್ರಿಜ್ಜಿನ ಮೇಲಿಟ್ಟು, ತಾನೇ ಸ್ವಿಚ್ಚು ಹಾಕಿ, ಚಿಲಕ ಹಾಕಿಕೊಳ್ಳದೆ ಬಚ್ಚಲಮನೆಗೆ ಹೋದ. ಅಮ್ಮ ಒಲೆಯ ಮುಂದಿದ್ದಳು. ಚಿಕ್ಕಪ್ಪ ಅಡುಗೆಮನೆಗೆ ಬಂದು ನೀರು ಕುಡಿದು, ಪೇಪರ್ ತರುತ್ತೇನೆಂದು ಪ್ಯಾಸೇಜಿನಲ್ಲೇ ಹೊರಗೆ ಹೋದರು. ಅವಳು ನಿಂತುಕೊಂಡೇ ಬ್ರೆಡ್ಡು ಜಾಮು ತಿಂದಳು. ಒಂಬತ್ತಕ್ಕೆ ಅಂಗಡಿ ತೆರೆಯಬೇಕು. ಎಡಗೈಯಲ್ಲಿ ಬ್ಯಾಗು ಹಿಡಿದು ಪ್ಯಾಸೇಜು ದಾಟಿದಳು. ದಾಟಿದ್ದು ನೆನಪಿಲ್ಲ, ದಾಟಿರಲೇಬೇಕು. ಮುಂದಿನ ಬಾಗಿಲಲ್ಲಿ ಚಪ್ಪಲಿಯ ಪಟ್ಟಿ ಬಿಗಿಯುವಾಗ ಬೆರಳು ಅಂಟಂಟಾಗಿತ್ತು. ಜಾಮು ಇರಬೇಕೆಂದು ಬಟ್ಟೆಗೆ ಒರೆಸಿಕೊಂಡಳು. ಆಗ ಧಡ್ ಎಂದಿತು.

ಪ್ಯಾಸೇಜು ದಾಟಿದವರು ಇಬ್ಬರೇ.

"ಚಿಕ್ಕಪ್ಪ," ಎಂದಳು. "ನಿನ್ನೆ ಪೇಪರ್ ತರೋಕೆ ಹೊರಟಾಗ ಬಚ್ಚಲಮನೆ ಲೈಟು ಉರೀತಿತ್ತಾ?"

"ಯಾಕಮ್ಮ?"

"ನಾನು ಓಡಿಬಂದಾಗ ಆರಿತ್ತು. ಮೇಡಮ್ ಔಷಧೀದೇ ತಪ್ಪು ಅಂತ ಇನ್ನೊಬ್ರದ್ದನ್ನ ಬದಲಾಯಿಸ್ತಾರಂತೆ."

ಚಿಕ್ಕಪ್ಪ ಅವಳ ಮುಖ ನೋಡಿದರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗುವುದನ್ನು ಅವಳು ಕಣ್ಣಾರೆ ಕಂಡಳು. ಅವರ ಬಲಗೈ ಮಡಿಲಿನಿಂದ ಅರ್ಧ ಮೇಲೆದ್ದು ಗಾಳಿಯಲ್ಲಿ ನಿಂತಿತು.

"ಆ ಮನೇಲಿ ನಾನೂ ಹದಿನೆಂಟು ವರ್ಷ ಇದ್ದೆ," ಎಂದರು. "ಖಾಲಿ ಹಾಲ್‌ಗೆ ಪಿಕ್ಚರ್ ಓಡಿಸ್ತೀಯಾ ಅಂತ ನನ್ನ ತಲೆಗೂ ಮೊಟಕಿದ್ದಾನೆ. ನನ್ನ ಮನೇಲೂ ಹಾಗೇ ಆರಿಸ್ತಾ ಹೋಗ್ತೀನಿ. ಗೊತ್ತೇ ಆಗಲ್ಲ ಕಣಮ್ಮ, ಕೈ ತಾನಾಗಿ..." ಅವರು ಮಾತು ನಿಲ್ಲಿಸಿದರು. "ಅಯ್ಯೋ, ನಾನೇ. ನಾನೇ ಆರಿಸಿರಬೇಕು."

ನಾನೂ ದಾಟಿದೆ ಎಂದು ಹೇಳಲು ಅವಳಿಗೆ ಆಗ ಸಮಯವಿತ್ತು. ಆ ಬೆಂಚಿನ ಮೇಲೆ ಎಷ್ಟು ಬೇಕೋ ಅಷ್ಟು ಸಮಯವಿತ್ತು. ಅವಳು ಅವರ ಬೆನ್ನ ಮೇಲೆ ಕೈ ಇಟ್ಟಳು, ಅಷ್ಟೇ.

ಒಳಗೆ ಕರೆದಾಗ, ಕಬ್ಬಿಣದ ಬಾಗಿಲ ಮುಂದೆ ಮ್ಯಾನೇಜರು ಮುಂದಾಳುತನ ವಹಿಸಿಕೊಂಡು, "ಎಲ್ಲರೂ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲೋಣ," ಎಂದರು. ಎಲ್ಲರೂ ಮುಚ್ಚಿದರು. ಮಗಳಿಗೆ ಮುಚ್ಚಲಾಗಲಿಲ್ಲ. ನಲವತ್ತು ಜನ ಕಣ್ಣು ಮುಚ್ಚಿಯೂ ಅಲುಗಾಡದೆ ನಿಂತಿದ್ದರು, ಅದೇನು ದೊಡ್ಡ ವಿದ್ಯೆ ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಲ್ಲದೆ ಚಿಕ್ಕಪ್ಪ ಒಬ್ಬರೇ ಕಣ್ಣು ತೆರೆದು ತಮ್ಮ ಬಲಗೈಯನ್ನು ನೋಡುತ್ತಿದ್ದರು. ಟಾರ್ಚನ್ನು ಬೆಂಕಿಗೆ ಬಿಡುವುದಿಲ್ಲವೆಂದು ಅಲ್ಲಿನ ಕೆಲಸದವನು ತೆಗೆದು ಅಮ್ಮನ ಕೈಗೆ ವಾಪಸು ಕೊಟ್ಟ. ಬಾಗಿಲು ಮೇಲೆದ್ದಿತು, ಆಮೇಲೆ ಇಳಿಯಿತು.

ಹೊರಗೆ ನಲ್ಲಿಯ ಹತ್ತಿರ ಚಿಕ್ಕಪ್ಪ ತಾವಾಗಿಯೇ ವ್ಯಾಯಾಮದ ಮೇಡಮ್ ಬಳಿ ಹೋದರು.

"ಔಷಧಿ ಬದಲಾಯಿಸ್ಬೇಡಿ ಮೇಡಮ್. ಔಷಧೀದು ತಪ್ಪಲ್ಲ. ಲೈಟು ನಾನು ಆರಿಸಿದೆ."

ಮೇಡಮ್ ಮಗಳ ಕಡೆ ನೋಡಿದರು. "ನೀವು ಇತ್ತು ಅಂದ್ರಲ್ಲ?"

"ಅವರ ಹೆಸರು ಹೇಳೋಕೆ ಮನಸ್ಸು ಬರ್ಲಿಲ್ಲ," ಎಂದಳು ಮಗಳು. ಇಷ್ಟು ಸಲೀಸಾಗಿ ಬಂದ ಮಾತಿಗೆ ಅವಳೇ ಬೆಚ್ಚಿದಳು. ಮೇಡಮ್ ಚಿಕ್ಕಪ್ಪನ ಭುಜ ತಟ್ಟಿ, "ಬೇಕಂತ ಮಾಡಿದ್ದಲ್ವಲ್ಲ," ಎಂದು ಹೇಳಿ ಹೊರಟುಹೋದರು.

*

ಮನೆಗೆ ಬಂದಾಗ ಮೂರು ಗಂಟೆ. ಬಂದವರಲ್ಲಿ ಉಳಿದದ್ದು ಆಪರೇಟರ್ ಮತ್ತು ಚಿಕ್ಕಪ್ಪ. ಚಿಕ್ಕಪ್ಪ ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಮಗಳು ಕಿಟಕಿಯ ಹತ್ತಿರ ನಿಂತು ಕೇಳಿಸಿಕೊಂಡಳು. ಅಮ್ಮ ಮಡಿಲಲ್ಲಿದ್ದ ಟಾರ್ಚಿನ ಗಾಜನ್ನು ಸೆರಗಿನಿಂದ ಒರೆಸುತ್ತ ಕೇಳಿದಳು.

"ಒಂದೂವರೆ ವರ್ಷ ಬರದೆ ಇದ್ದವನು," ಎಂದಳು ಕೊನೆಗೆ. "ಇನ್ನೊಂದು ದಿನ ತಡೆದು ಬಂದಿದ್ರೆ ಆಗ್ತಿರ್ಲಿಲ್ವಾ?"

ಅಷ್ಟೇ ಅಂದದ್ದು. ಚಿಕ್ಕಪ್ಪ ಎದ್ದರು. ನಿಲ್ಲುವಾಗ ಕುರ್ಚಿ ಹಿಡಿದುಕೊಂಡರು. "ಮುಖ ತೊಳ್ಕೊಂಡು ಹೊರಡ್ತೀನಿ, ಅತ್ತಿಗೆ," ಎಂದು ಒಳಗೆ ಹೋದರು. ಬಚ್ಚಲಮನೆಯ ಬಾಗಿಲು ಮುಚ್ಚಿದ ಸದ್ದು, ನಲ್ಲಿಯ ಸದ್ದು ಕೇಳಿಸಿತು.

"ಪಾಪ," ಎಂದ ಆಪರೇಟರ್. "ಈ ಭಾರ ಹೊತ್ಕೊಂಡು ಆತ ಇನ್ನೆಷ್ಟು ದಿನ ಇರಬೇಕೋ."

ಅಮ್ಮ ಮಗಳ ಕಡೆ ತಿರುಗಿ, "ನೀನು ಎರಡು ದಿನದಿಂದ ಕಣ್ಣು ಮುಚ್ಚಿಲ್ಲ. ಆ ಲೋಟಗಳನ್ನ ಒಳಗಿಟ್ಟು ಮಲ್ಕೋ ಹೋಗು," ಎಂದಳು. ದನಿಯಲ್ಲಿ ಮಗಳ ಬಗ್ಗೆ ಬರೀ ಮರುಕವಿತ್ತು.

ಮಗಳು ಖಾಲಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿ ಎಡಗೈಯ ಮೇಲೆ ಇಟ್ಟುಕೊಂಡಳು. ಮೈಯೆಲ್ಲ ಸಡಿಲವಾಗಿತ್ತು. ನಾಚಿಕೆಯಿತ್ತು, ಆದರೆ ಎದೆಯ ಮೇಲಿನ ಕಲ್ಲು ಇಳಿದದ್ದೂ ನಿಜ. ಇಬ್ಬರಲ್ಲಿ ಒಬ್ಬರು ಒಪ್ಪಿಕೊಂಡಾಗಿದೆ. ಒಪ್ಪಿಕೊಂಡವರೇ ಮಾಡಿರಬೇಕು, ಇಲ್ಲದಿದ್ದರೆ ಯಾರಾದರೂ ಸುಮ್ಮನೆ ಒಪ್ಪುತ್ತಾರೆಯೇ? ನಾಳೆ ಅಂಗಡಿಗೆ ಫೋನು ಮಾಡಿ ಇನ್ನೆರಡು ದಿನ ರಜೆ ಕೇಳಬೇಕು. ಅಪ್ಪನ ಗುಳಿಗೆಗಳು ಅರ್ಧ ಡಬ್ಬ ಉಳಿದಿವೆ, ಆಸ್ಪತ್ರೆಗೆ ವಾಪಸು ಕೊಟ್ಟರೆ ಆ ಇನ್ನೊಬ್ಬರಿಗೆ ಆಗುತ್ತದೆ. ಹೀಗೆ ಯೋಚಿಸುತ್ತ ಅವಳು ಪ್ಯಾಸೇಜಿನಲ್ಲಿ ನಡೆದಳು.

"ಯಾರದು?" ಬಚ್ಚಲಮನೆಯೊಳಗಿಂದ ಚಿಕ್ಕಪ್ಪ ಕೂಗಿದರು. "ಲೈಟು! ಒಳಗಿದ್ದೀನಿ, ಲೈಟು ಹಾಕಿ!"

ಯಾರು ಆರಿಸಿದರೆಂದು ಮಗಳು ತಿರುಗಿ ನೋಡಿದಳು. ಪ್ಯಾಸೇಜಿನಲ್ಲಿ ಯಾರೂ ಇರಲಿಲ್ಲ. ಬಾಗಿಲ ಕೆಳಗಿನ ಬೆಳಕಿನ ಗೆರೆಯೂ ಇರಲಿಲ್ಲ. ಸ್ವಿಚ್ಚಿನ ಸುತ್ತ, ಅಪ್ಪ ಕಿತ್ತ ಟೇಪಿನ ಅಂಟು ಇನ್ನೂ ಚೌಕವಾಗಿ ಉಳಿದಿತ್ತು. ಅವಳ ಬಲಗೈಯ ಬೆರಳುಗಳು ಅಂಟಂಟಾಗಿದ್ದವು, ಅವನ್ನು ಬಟ್ಟೆಗೆ ಒರೆಸಿಕೊಳ್ಳಲು ಕೈ ಆಗಲೇ ತಾನಾಗಿ ಕೆಳಗಿಳಿಯುತ್ತಿತ್ತು.